ಪಟ್ಟಿ ನೋಡಿ ಕಳ್ಳನನ್ನು ಹಿಡಿಯಲು ಹೋಗಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕಂಪ್ಯೂಟರ್ ಅಂಕಣದಲ್ಲಿ ಕಳ್ಳ ಪ್ರೋಗ್ರಾಂಗಳ ಹೆಸರು ಎಂದು ಒಂದು ಪಟ್ಟಿ ಬಂದಿತ್ತು. ಈ ಹೆಸರುಗಳು ಟಾಸ್ಕ್ ಮ್ಯಾನೇಜರ್‌ನಲ್ಲಿ, ಅಂದರೆ ಈಗ ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ವಿಂಡೋಸ್‌ನ ಕಿಟಕಿಯಲ್ಲಿ, ಕಂಡರೆ ಕೂಡಲೇ ಅದನ್ನು ಮುಗಿಸುವ ‘ಎಂಡ್ ಟಾಸ್ಕ್’ ಒತ್ತಿ ಎಂದಿತ್ತು. ಮೊದಲ ಹೆಸರೇ ಎಸ್‌ವಿಸಿಹೋಸ್ಟ್ (svchost). ನಾನು ಒತ್ತಿದೆ. ಅದರ ಕಥೆ ಹೇಳೋಣ ಅಂತ ಈ ಪತ್ರ.

ನಾನು ನಿವೃತ್ತ ಬೆರಳಚ್ಚುಗಾರ್ತಿ. ಕಂಪ್ಯೂಟರ್ ಓದಿದವಳಲ್ಲ, ಬಳಸಿ ಕಲಿತವಳು. ಒಂದು ತಿಂಗಳಿಂದ ನನ್ನ ಕಂಪ್ಯೂಟರ್ ತುಂಬಾ ನಿಧಾನ. ಸುಮ್ನೆ ಬಿಟ್ಟಿದ್ದರೂ ಒಳಗಿನ ಫ್ಯಾನ್ ಒಂದೇ ಸಮನೆ ಕೂಗುತ್ತಿತ್ತು. ನಿಮ್ಮ ಪಟ್ಟಿ ಕತ್ತರಿಸಿ ಪರದೆಯ ಅಂಚಿಗೆ ಅಂಟಿಸಿಕೊಂಡು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ನೋಡಿದರೆ ಆ ಹೆಸರು ಒಂದಲ್ಲ ಎರಡಲ್ಲ, ಎಣಿಸಿ ಸುಸ್ತಾಗುವಷ್ಟು! ಒಂದೊಂದಾಗಿ ಮುಗಿಸುತ್ತಾ ಹೋದೆ. ಕೆಲವು ಜಗ್ಗಲಿಲ್ಲ. ಕೆಲವು ಹೋದ ಹಾಗೆ ಮಾಡಿ ಮತ್ತೆ ಬಂದು ಕೂತವು. ಒಂದು ಮಾತ್ರ, ಉಳಿಸದ ಕೆಲಸ ಹಾಳಾಗುತ್ತದೆ, ಆದರೂ ಮುಗಿಸಬೇಕಾ ಎಂದು ಕೇಳಿತು. ಟಿಕ್ ಹಾಕಿ ಹೂಂ ಅಂದೆ. ಪರದೆ ನೀಲಿಯಾಯಿತು, ಕಂಪ್ಯೂಟರ್ ತಾನಾಗಿ ಆರಿ ಹೊತ್ತಿಕೊಂಡಿತು. ಪಕ್ಕದ ಕಿಟಕಿಯಲ್ಲಿ ನಮ್ಮ ಸಂಘದ ವಾರ್ಷಿಕ ವರದಿ ಎರಡು ಪುಟ ಟೈಪಾಗಿ ಕೂತಿತ್ತು. ಉಳಿಸಿರಲಿಲ್ಲ. ಎಚ್ಚರಿಕೆ ಕೊಟ್ಟರೂ ನಿಲ್ಲದಿದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಪತ್ರಿಕೆಯೇ ಹೇಳಿದೆ ಅನ್ನೋ ಧೈರ್ಯ ಇತ್ತಲ್ವಾ.

ಆಮೇಲೆ ಹಠ ಹಿಡಿದು ತಿಳಿದುಕೊಂಡೆ. ವಿಂಡೋಸ್‌ನ ಎಷ್ಟೋ ಸೇವೆಗಳು ತಾವಾಗಿ ಓಡಲಾರವು. ಇಂಟರ್ನೆಟ್ ಸಂಪರ್ಕ, ಧ್ವನಿ, ಅಪ್‌ಡೇಟ್ ಇವೆಲ್ಲ ಯಾರಾದರೂ ಹೊತ್ತುಕೊಂಡು ಹೋಗಬೇಕಾದ ಸವಾರಿಗಳು. ಎಸ್‌ವಿಸಿಹೋಸ್ಟ್ ಆ ಗಾಡಿ. ಮೊದಲು ಒಂದೇ ಗಾಡಿಯಲ್ಲಿ ಹಲವರು ಕೂರುತ್ತಿದ್ದರು, ಒಬ್ಬ ಗಾಡಿ ಕೆಡವಿದರೆ ಎಲ್ಲರೂ ಬೀಳುತ್ತಿದ್ದರು. 2017ರ ವಿಂಡೋಸ್ 10 ಅಪ್‌ಡೇಟ್‌ನಿಂದ, 3.5 ಜಿಬಿಗಿಂತ ಜಾಸ್ತಿ ಮೆಮೊರಿ ಇರುವ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವರಿಗೆ ಬೇರೆ ಬೇರೆ ಗಾಡಿ ಕೊಟ್ಟರು. ಅದಕ್ಕೇ ಆ ಸಾಲು ಅಷ್ಟು ಉದ್ದ. ಕಂಪ್ಯೂಟರ್ ಆರೋಗ್ಯವಾಗಿದ್ದರೂ ಅಷ್ಟೇ ಉದ್ದ.

ಇದು ನೆನಪಿಸಿದ್ದು 2002ರ ಒಂದು ಇಮೇಲ್. ನಿಮ್ಮ ಕಂಪ್ಯೂಟರ್‌ನಲ್ಲಿ ಕರಡಿಮರಿ ಚಿತ್ರದ ಒಂದು ಫೈಲ್ ಇದ್ದರೆ ಅದು ವೈರಸ್, ಅಳಿಸಿ, ಪರಿಚಯದವರಿಗೆಲ್ಲ ತಿಳಿಸಿ ಎಂದಿತ್ತು. ಹುಡುಕಿದರೆ ನಿಜವಾಗಿಯೂ ಕರಡಿಮರಿ ಇತ್ತು! ಅಳಿಸಿದೆ, ಕಚೇರಿಯವರಿಗೆಲ್ಲ ಕಳಿಸಿದೆ. ಅವರ ಕಂಪ್ಯೂಟರ್‌ಗಳಲ್ಲೂ ಸಿಕ್ಕಿತು. ಯಾಕೆಂದರೆ ಅದು ವಿಂಡೋಸ್ ಜೊತೆಗೇ ಬರುತ್ತಿದ್ದ, ಜಾವಾ ಎಂಬ ಪ್ರೋಗ್ರಾಂ ಬರೆಯುವ ಭಾಷೆಗೆ ಸಂಬಂಧಿಸಿದ ಅಸಲಿ ಫೈಲ್. ಎಲ್ಲರ ಮನೆಯಲ್ಲೂ ಇರುವ ವಸ್ತುವಿನ ಹೆಸರು ಹೇಳಿ ಕಳ್ಳಮಾಲು ಅಂದರೆ, ಹುಡುಕಿದವರಿಗೆಲ್ಲ ಸಿಕ್ಕೇ ಸಿಗುತ್ತದೆ. ನಿಮ್ಮ ಪಟ್ಟಿಯೂ ಹಾಗೇ ಆಯಿತು.

ಹೆಸರಂತೂ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಕಳ್ಳ ಪ್ರೋಗ್ರಾಂಗಳು ಎಸ್‌ವಿಸಿಹೋಸ್ಟ್‌ನಲ್ಲಿ ‘ವಿ’ ಮತ್ತು ‘ಸಿ’ ಅದಲು ಬದಲು ಮಾಡಿ ಬರುತ್ತವೆ. ‘ಓ’ ಇರುವ ಕಡೆ ಸೊನ್ನೆ ಹಾಕಿಕೊಳ್ಳುತ್ತವೆ. ಬೆರಳಚ್ಚಿನವಳಾದ ನನ್ನ ಕಣ್ಣಿಗೇ ಅದು ಎರಡನೇ ಸಲಕ್ಕೆ ಕಂಡಿದ್ದು. ಅದಕ್ಕೆ ಹೆಸರಿನ ಜೊತೆ ಮನೆಯನ್ನೂ ಕೇಳಬೇಕು. ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿದರೆ ಫೋಲ್ಡರ್ ತೆರೆಯುತ್ತದೆ. ಅಸಲಿ ಎಸ್‌ವಿಸಿಹೋಸ್ಟ್ ಸಾಮಾನ್ಯವಾಗಿ ವಿಂಡೋಸ್ ಫೋಲ್ಡರಿನ ಒಳಗಿನ ಸಿಸ್ಟಮ್32ರಲ್ಲಿ ಇರುತ್ತದೆ. ಅದೇ ಹೆಸರು ಡೌನ್‌ಲೋಡ್ಸ್‌ನಲ್ಲೋ, ತಾತ್ಕಾಲಿಕ ಫೈಲ್‌ಗಳು ಕೂರುವ ಟೆಂಪ್ ಫೋಲ್ಡರಿನಲ್ಲೋ ಸಿಕ್ಕರೆ ಗಾಬರಿ ಪಡಬೇಕಾದ್ದೇ. ಆ ಫೈಲಿನ ಪ್ರಾಪರ್ಟೀಸ್‌ನಲ್ಲಿ, ಮಾಡಿದವರು ಯಾರೆಂದು ಹೇಳುವ ಡಿಜಿಟಲ್ ಸಹಿಯನ್ನೂ ನೋಡಬಹುದು. ಆದರೆ ಸಹಿಯ ಟ್ಯಾಬ್ ಇಲ್ಲ ಅಂತ ಹಾರಾಡಬೇಡಿ, ವಿಂಡೋಸ್‌ನ ಸ್ವಂತ ಫೈಲ್‌ಗಳಲ್ಲೇ ಕೆಲವಕ್ಕೆ ಅದು ಕಾಣುವುದಿಲ್ಲ. ಇನ್ನೂ ಅನುಮಾನವಿದ್ದರೆ ಮೈಕ್ರೋಸಾಫ್ಟ್‌ನವರೇ ಪುಕ್ಕಟೆ ಕೊಡುವ ಪ್ರೋಸೆಸ್ ಎಕ್ಸ್‌ಪ್ಲೋರರ್ ಇದೆ. ಯಾವ ಪ್ರೋಗ್ರಾಂ ಯಾವುದನ್ನು ಶುರು ಮಾಡಿತು ಎಂದು ಮರದ ಕೊಂಬೆಗಳ ಹಾಗೆ ತೋರಿಸುತ್ತದೆ.

ನಿಮ್ಮ ಪಟ್ಟಿಯಲ್ಲಿ ‘ಸಿಸ್ಟಮ್ ಐಡಲ್ ಪ್ರೋಸೆಸ್’ ಕೂಡ ಇತ್ತು, ಶೇ. 95 ಸಿಪಿಯು (ಕಂಪ್ಯೂಟರಿನ ಮೆದುಳು) ತಿನ್ನುತ್ತದೆ ಎಂಬ ಆರೋಪದ ಮೇಲೆ! ಅದು ಸಿಪಿಯು ಸುಮ್ನೆ ಕೂತ ಹೊತ್ತಿನ ಲೆಕ್ಕ. ಅಲ್ಲಿ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು. ಆ್ಯಂಟಿಮಾಲ್‌ವೇರ್ ಸರ್ವೀಸ್ ಅಂತ ಕಾಣೋದು ವಿಂಡೋಸ್ ಜೊತೆಗೇ ಬರುವ, ವೈರಸ್ ತಡೆಯುವ ಡಿಫೆಂಡರ್‌ನ ಕಾವಲುಗಾರ. ನಾವು ಎದ್ದು ಹೋದಾಗ ಅದು ಫೈಲ್‌ಗಳನ್ನು ತಪಾಸಣೆ ಮಾಡುತ್ತದೆ, ಆಗ ಫ್ಯಾನ್ ಸ್ವಲ್ಪ ಕೂಗುವುದು ಸಹಜ.

ಕೊನೆಗೆ ನನ್ನ ಫ್ಯಾನ್ ಕೂಗಿಸುತ್ತಿದ್ದದ್ದು ಯಾರು ಗೊತ್ತಾ? ಹೆಸರಿನಲ್ಲಿ ‘ಅಪ್‌ಡೇಟ್’, ‘ಹೆಲ್ಪರ್’ ಎರಡೂ ಇದ್ದ, ತುಂಬಾ ಸಭ್ಯಸ್ಥ ಅನ್ನಿಸುವ ಒಂದು ಪ್ರೋಗ್ರಾಂ. ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ. ಸಿಪಿಯು ಕಾಲಂ ಮೇಲೆ ಒತ್ತಿ ಜಾಸ್ತಿ ತಿನ್ನುವವರನ್ನು ಮೇಲೆ ತಂದಾಗ ಸಿಕ್ಕಿಬಿತ್ತು. ಪಿಡಿಎಫ್ ಬದಲಾಯಿಸಲು ಪುಕ್ಕಟೆ ಅಂತ ನಾನೇ ಹಾಕಿಕೊಂಡದ್ದರ ಬಾಲ ಅದು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆದಾಗ ತಾವಾಗಿ ಶುರುವಾಗುವವರ ಸಾಲಿನಲ್ಲಿ, ಅದನ್ನು ಡಿಸೇಬಲ್ ಮಾಡಿ ಎರಡು ದಿನ ಕಾದೆ. ಏನೂ ಕೆಡಲಿಲ್ಲ, ಫ್ಯಾನ್ ತಣ್ಣಗಾಯಿತು. ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್‌ನಿಂದ ಪೂರ್ತಿ ಸ್ಕ್ಯಾನ್ ಓಡಿಸಿದೆ. ಎಂಡ್ ಟಾಸ್ಕ್ ಮಾತ್ರ ಒತ್ತಿದ್ದರೆ ಮುಂದಿನ ಸಲ ಆನ್ ಮಾಡಿದಾಗ ಮತ್ತೆ ಬಂದು ಕೂರುತ್ತಿತ್ತು.

ದಯವಿಟ್ಟು ಈ ವಾರದ ಅಂಕಣದಲ್ಲಿ ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ಬೇಡ, ಪಟ್ಟಿ ಬಂದ ಜಾಗದಲ್ಲೇ ಹಾಕಿ. ನನ್ನ ಹಾಗೆ ಕತ್ತರಿಸಿ ಅಂಟಿಸಿಕೊಂಡವರು ಇನ್ನೂ ಇರುತ್ತಾರೆ.

ಇಂತಿ,
ವರದಿಯನ್ನು ಎರಡನೇ ಸಲ ಟೈಪ್ ಮಾಡಿದ ನಿಮ್ಮ ಹಳೆಯ ಓದುಗಾರ್ತಿ