ಗಾಳಿಯ ವೇಗದ ಜೊತೆಗೆ ನೀರಿನ ಎತ್ತರವನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಚಂಡಮಾರುತದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಎದ್ದು ಕಾಣುವುದು ಎರಡೇ ವಿವರ: ಗಾಳಿ ಗಂಟೆಗೆ ಎಷ್ಟು ಕಿಲೋಮೀಟರ್, ಯಾವ ಊರಿನ ಬಳಿ ದಡ ಮುಟ್ಟುತ್ತದೆ. ಗಾಳಿ ತಗ್ಗಿದೆ ಎಂದರೆ ಜನ ನಿರಾಳ. ಆದರೆ ದೊಡ್ಡ ಚಂಡಮಾರುತಗಳಲ್ಲಿ ಹೆಚ್ಚು ಜೀವ ತೆಗೆದಿರುವುದು ನೀರು. 1970ರಲ್ಲಿ ಈಗಿನ ಬಾಂಗ್ಲಾದೇಶದ ದಂಡೆಯಲ್ಲಿ ಲಕ್ಷಗಟ್ಟಲೆ ಜನ, 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ಸಾವಿರಾರು ಜನ ಸತ್ತದ್ದು ಮುಖ್ಯವಾಗಿ ಒಳನುಗ್ಗಿದ ಸಮುದ್ರದಿಂದ. ಹವಾಮಾನ ಇಲಾಖೆಯ ಬುಲೆಟಿನ್‌ನಲ್ಲಿ ನೀರು ಎಷ್ಟು ಏರೀತು ಎಂಬ ಅಂದಾಜೂ ಇರುತ್ತದೆ. ಸುದ್ದಿಯಾಗುವಷ್ಟರಲ್ಲಿ ಅದೇ ಉದುರಿಹೋಗಿರುತ್ತದೆ.

ಆ ಸಾಲನ್ನು ಓದುವ ಬಗೆಯನ್ನೂ ತಿಳಿಸಬೇಕು. ಚಂಡಮಾರುತದ ನಡುವೆ ಗಾಳಿಯ ಒತ್ತಡ ಒಂದು ಹೆಕ್ಟೋಪ್ಯಾಸ್ಕಲ್ ಕುಸಿದರೆ ಅಲ್ಲಿನ ಸಮುದ್ರ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಏರುತ್ತದೆ. 50 ಕುಸಿದರೂ ಏರಿಕೆ ಅರ್ಧ ಮೀಟರ್, ಅಷ್ಟೆ. ಉಳಿದದ್ದೆಲ್ಲ ಗಾಳಿ ದಡದತ್ತ ತಳ್ಳಿ ತಂದು ಪೇರಿಸುವ ನೀರು. ದಡದಿಂದ ಬಹುದೂರದವರೆಗೆ ಸಮುದ್ರ ಆಳವಿಲ್ಲದಿದ್ದರೆ ಆ ನೀರಿಗೆ ಕೆಳಗಿನಿಂದ ಹಿಂದೆ ಸರಿಯಲು ದಾರಿಯಿಲ್ಲ. ಕಿರಿದಾಗುತ್ತ ಹೋಗುವ ಕೊಲ್ಲಿ, ಅಳಿವೆಗಳಲ್ಲಿ ಅದು ಇನ್ನೂ ಎತ್ತರಕ್ಕೇರುತ್ತದೆ. ಬುಲೆಟಿನ್‌ನಲ್ಲಿ ‘2 ಮೀಟರ್’ ಎಂದಿದ್ದರೆ ಅದು ಆ ಹೊತ್ತಿನ ಸಹಜ ಉಬ್ಬರ ಇಳಿತದ ಮಟ್ಟಕ್ಕಿಂತ ಮೇಲೆ 2 ಮೀಟರ್. ಉಬ್ಬರ ಒಂದೂವರೆ ಮೀಟರ್ ಇದ್ದರೆ ಒಟ್ಟು ಮೂರೂವರೆ, ಅದರ ಮೇಲೆ ಅಲೆಗಳು ಬೇರೆ. ತುಂಬು ಉಬ್ಬರಕ್ಕೂ ಪೂರ್ತಿ ಇಳಿತಕ್ಕೂ ನಡುವೆ ಸುಮಾರು ಆರು ತಾಸು. ದಡ ಮುಟ್ಟುವ ಸಮಯದ ಅಂದಾಜು ಮೂರ್ನಾಲ್ಕು ತಾಸು ಹಿಂದುಮುಂದಾಗುವುದು ಮಾಮೂಲಿ. ಆದ್ದರಿಂದ ಇಳಿತದ ಲೆಕ್ಕ ಹಿಡಿದು ಮನೆಯಲ್ಲೇ ಉಳಿಯುವುದು ತಪ್ಪು. ಮುನ್ಸೂಚನೆಯ ಪಕ್ಕದಲ್ಲೇ ಉಬ್ಬರದ ವೇಳೆಯನ್ನೂ ಅಚ್ಚು ಹಾಕಿದರೆ ಓದುಗರು ತಾವೇ ಕೂಡಿ ನೋಡಿಕೊಳ್ಳುತ್ತಾರೆ.

‘ಚಂಡಮಾರುತ ದುರ್ಬಲ’ ಎಂಬ ತಲೆಬರಹದ ಬಗ್ಗೆ ನಮಗೆ ತಕರಾರಿದೆ. 2005ರಲ್ಲಿ ಅಮೆರಿಕದ ‘ಕತ್ರಿನಾ’ ಸಮುದ್ರದಲ್ಲಿ ಐದನೇ ದರ್ಜೆಗೆ (ಗಾಳಿಯ ವೇಗದ ಮೇಲೆ ಅಮೆರಿಕದವರು ಕೊಡುವ ಅತಿ ಮೇಲಿನ ದರ್ಜೆ) ಏರಿ, ದಡ ಮುಟ್ಟುವಾಗ ಮೂರಕ್ಕೆ ಇಳಿದಿತ್ತು. ಆದರೂ ಮಿಸಿಸಿಪಿ ದಂಡೆಯಲ್ಲಿ ಸಮುದ್ರ 8 ಮೀಟರ್‌ಗೂ ಹೆಚ್ಚು ಎದ್ದಿತು. ಗಾಳಿ ಕೆಲವೇ ತಾಸುಗಳಲ್ಲಿ ತಗ್ಗೀತು. ಅಷ್ಟರಲ್ಲಾಗಲೇ ಅದು ತಳ್ಳಿದ ನೀರು ತಗ್ಗುವುದಿಲ್ಲ. ಇದಕ್ಕೆ ತಿರುವುಮುರುವೂ ಉಂಟು: 2023ರ ಅಕ್ಟೋಬರ್‌ನಲ್ಲಿ ‘ಓಟಿಸ್’ ಒಂದೇ ದಿನದೊಳಗೆ ಸಾಧಾರಣ ಬಿರುಗಾಳಿಯಿಂದ ಐದನೇ ದರ್ಜೆಗೆ ಏರಿ ಮೆಕ್ಸಿಕೊದ ಅಕಾಪುಲ್ಕೊ ಬಳಿ ಅಪ್ಪಳಿಸಿತು. ಸ್ಥಳಾಂತರದ ಸೂಚನೆ ಬಂದಮೇಲೆ ಗಾಳಿಯ ಅಂಕಿ ಕಾಯುತ್ತ ಕೂರಬಾರದು.

ಮುನ್ಸೂಚನೆಯ ನಕ್ಷೆಯಲ್ಲಿ ಮುಂದೆ ಹೋದಂತೆ ಅಗಲವಾಗುವ ಪಟ್ಟಿ ಚಂಡಮಾರುತದ ಗಾತ್ರವಲ್ಲ, ಅದರ ಕೇಂದ್ರ ಹಾದುಹೋಗಬಹುದಾದ ಜಾಗ ಮಾತ್ರ. ಗಾಳಿ, ಮಳೆ, ಅಲೆ ಪಟ್ಟಿಯಾಚೆ ನೂರಾರು ಕಿಲೋಮೀಟರ್ ಹರಡಿರುತ್ತವೆ. ಭೂಮಧ್ಯರೇಖೆಯ ಉತ್ತರಕ್ಕೆ, ಚಂಡಮಾರುತ ಸಾಗುವ ದಿಕ್ಕಿನ ಬಲಗಡೆಯಲ್ಲಿ ಅಪಾಯ ಹೆಚ್ಚು, ಏಕೆಂದರೆ ಅಲ್ಲಿ ಸುತ್ತುವ ಗಾಳಿಗೆ ಮುನ್ನಡೆಯ ವೇಗವೂ ಸೇರುತ್ತದೆ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ದಡ ಮುಟ್ಟಿದ್ದು ಗುಜರಾತ್‌ನಲ್ಲಿ. ಆದರೆ ಅದು ಉತ್ತರಕ್ಕೆ ಸಾಗುವಾಗ ಇಡೀ ಪಶ್ಚಿಮ ಕರಾವಳಿ ಬಲಗಡೆಗಿತ್ತು; ಕೇಂದ್ರ ಸಮುದ್ರದಲ್ಲೇ ಇದ್ದರೂ ಕಡಲ್ಕೊರೆತ ತಪ್ಪಲಿಲ್ಲ.

ಗಾಳಿಯ ಅಂಕಿಯಲ್ಲೂ ಗೊಂದಲವಿದೆ. ‘100ರಿಂದ 110, ಆಗಾಗ 120’ ಎಂದರೆ ಮೊದಲನೆಯದು ಸರಾಸರಿ, 120 ನಡುನಡುವೆ ಬೀಸುವ ರಭಸ. ಟಿ.ವಿ.ಯವರಿಗೆ ಕೊನೆಯದೇ ಇಷ್ಟ! ಭಾರತದ ಹವಾಮಾನ ಇಲಾಖೆ ಮೂರು ನಿಮಿಷದ ಸರಾಸರಿ ಕೊಟ್ಟರೆ ಅಮೆರಿಕದವರು ಒಂದು ನಿಮಿಷದ್ದು ಕೊಡುತ್ತಾರೆ. ಹಾಗಾಗಿ ಒಂದೇ ಚಂಡಮಾರುತಕ್ಕೆ ಎರಡು ವೇಗ ಕಂಡರೆ ಯಾರೂ ಸುಳ್ಳು ಹೇಳುತ್ತಿದ್ದಾರೆಂದಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತು ನಾಲ್ಕು ಪಟ್ಟು. ಒಂದು ಕಿಟಕಿ ಒಡೆದು ಗಾಳಿ ಒಳಹೊಕ್ಕರೆ ಶೀಟಿನ ಮಾಡನ್ನು ಒಳಗಿನಿಂದಲೂ ಎತ್ತುತ್ತದೆ. ಗಾಜಿಗೆ ಟೇಪ್ ಅಂಟಿಸುವುದು ವ್ಯರ್ಥ, ಹೊರಗಿನಿಂದ ಹಲಗೆ ಹೊಡೆಯಬೇಕು. ತಾರಸಿಯ ನೀರಿನ ಟ್ಯಾಂಕ್ ಖಾಲಿಯಿದ್ದರೆ ಹಾರುತ್ತದೆ. ತುಂಬಿಸಿಟ್ಟರೆ ಭಾರವೂ ಆಯಿತು, ನೀರೂ ಆಯಿತು.

ಮಳೆಗೆ ಗಾಳಿಯ ದರ್ಜೆ ಅಳತೆಯಲ್ಲ. ನಿಧಾನವಾಗಿ ಸಾಗುವ ದುರ್ಬಲ ಚಂಡಮಾರುತವೇ ಹೆಚ್ಚು ಸುರಿಸಬಲ್ಲದು. 2017ರ ‘ಹಾರ್ವಿ’ ದಡ ದಾಟಿದ ಮೇಲೆ ಟೆಕ್ಸಾಸ್‌ನಲ್ಲಿ ಸುಳಿದಾಡುತ್ತ ಒಂದು ಕಡೆ 1,500 ಮಿ.ಮೀ. ಮೀರಿ ಸುರಿಸಿತು. ರಭಸದ ನೀರು 15 ಸೆಂ.ಮೀ. ಇದ್ದರೂ ವಯಸ್ಕರು ಕಾಲು ತಪ್ಪಿ ಬೀಳಬಹುದು, 30 ಸೆಂ.ಮೀ. ಇದ್ದರೆ ಸಣ್ಣ ಕಾರು ತೇಲಬಹುದು.

ದೋಣಿಗಳು ಹಾಳಾಗುವುದು ಹೆಚ್ಚಾಗಿ ಗಿಡ್ಡ ಹಗ್ಗದಿಂದ. ಜೆಟ್ಟಿಗೆ ಬಿಗಿದು ಕಟ್ಟಿದ ದೋಣಿ ನೀರಿನೊಡನೆ ಏರಲಾರದು. ಹಗ್ಗ ಮೂತಿಯನ್ನು ಕೆಳಗೆ ಜಗ್ಗಿ ಹಿಡಿದಾಗ ನೀರು ಒಳನುಗ್ಗುತ್ತದೆ, ಇಲ್ಲವೇ ಕಂಬವೇ ಕಿತ್ತುಬರುತ್ತದೆ. ಲಂಗರು ಹಾಕುವುದಾದರೆ ಆಳದ ಲೆಕ್ಕಕ್ಕೆ ಏರಲಿರುವ ನೀರನ್ನೂ ಸೇರಿಸಿ, ಅದರ ಸುಮಾರು ಹತ್ತು ಪಟ್ಟು ಹಗ್ಗ ಬಿಡಬೇಕು. 3 ಮೀಟರ್ ಆಳ, 2 ಮೀಟರ್ ಏರಿಕೆ ಎಂದರೆ 50 ಮೀಟರ್ ಹಗ್ಗ. ಅಷ್ಟು ಸುತ್ತಾಡಲು ಜಾಗವಿಲ್ಲದಿದ್ದರೆ ದೋಣಿಯನ್ನು ಎತ್ತರದ ನೆಲಕ್ಕೆ ಎಳೆದಿಡುವುದೇ ಮೇಲು. ಅಂಚಿಗೆ ಉಜ್ಜುವ ಕಡೆ ಹಗ್ಗಕ್ಕೆ ಹಳೆಯ ರಬ್ಬರ್ ಪೈಪ್ ತೊಡಿಸಬೇಕು. ಗಾಳಿ ಶುರುವಾದ ಮೇಲೆ ಸರಿಪಡಿಸಲು ಯಾರೂ ದೋಣಿ ಹತ್ತಬಾರದು.

ಕೇಂದ್ರ ನೇರ ಮೇಲೆ ಹಾದರೆ ನಡುವೆ ಗಾಳಿ ನಿಂತುಬಿಡುತ್ತದೆ, ಕೆಲವೊಮ್ಮೆ ಬಿಸಿಲೂ ಬರುತ್ತದೆ. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅದೇ ಬಿರುಸಿನಲ್ಲಿ ಮತ್ತೆ ಬೀಸುತ್ತದೆ. ಗಾಳಿ ನೆಲದ ಕಡೆಯಿಂದ ಬೀಸುವಾಗ ಸಮುದ್ರ ಹಿಂದೆ ಸರಿದು ತಳ ಕಾಣಬಹುದು. ನೋಡಲು ಇಳಿದವರ ಮೇಲೆ, ಗಾಳಿ ತಿರುಗಿದಾಗ, ಆ ನೀರೆಲ್ಲ ವಾಪಸು ಬರುತ್ತದೆ.

ಕೊನೆಯದಾಗಿ ಬಾವಿಯ ವಿಷಯ. ಸಮುದ್ರದ ನೀರು ಹೊಕ್ಕ ಬಾವಿಯನ್ನು ಪಂಪ್ ಹಚ್ಚಿ ಒಮ್ಮೆಲೇ ಬರಿದು ಮಾಡಿದರೆ ಸುತ್ತಲಿನ ಉಪ್ಪು ನೀರೇ ಒಳಗಿಳಿಯುತ್ತದೆ, ಬಾವಿಯ ಗೋಡೆಯೂ ಕುಸಿಯಬಹುದು. ಸ್ವಲ್ಪ ಸ್ವಲ್ಪವೇ ಎತ್ತಬೇಕು. ಬ್ಲೀಚಿಂಗ್ ಪೌಡರ್ ರೋಗಾಣು ಕೊಲ್ಲುತ್ತದೆಯೇ ಹೊರತು ಉಪ್ಪು ತೆಗೆಯುವುದಿಲ್ಲ. ಸಾವಿರ ಲೀಟರಿಗೆ 2.5 ಗ್ರಾಂ ಎಂಬ ರೂಢಿಯ ಪ್ರಮಾಣ ತಿಳಿನೀರಿಗೆ. ಕೊಳಚೆ ಸೇರಿದ ಬಾವಿಗೆ ಅದು ಸಾಲದು. ಹಾಕಿದ ಒಂದು ತಾಸಿನ ನಂತರವೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸಿಯೇ ಕುಡಿಯಲು ಬಳಸಬೇಕು. ಚಂಡಮಾರುತ ದಾಟಿದ ಮರುದಿನ, ಮುರಿದ ಮರಗಳ ಚಿತ್ರದ ಪಕ್ಕದಲ್ಲಿ, ಇಷ್ಟಕ್ಕೆ ಜಾಗ ಕೊಡಿ.

— ಕೆಲವು ಓದುಗರು