ಹಾಸನದ ಎಂಆರ್‌ಐ ಕೋಣೆಯ ಆ ತಂತ್ರಜ್ಞರಿಗೆ

ಕ್ರೋನ್ಸ್ ಕಾಯಿಲೆಯವರ (ಕರುಳಿನಲ್ಲಿ ದೀರ್ಘಕಾಲದ ಉರಿಯೂತ ಇರುವವರ) ಸ್ಕ್ಯಾನ್ ಓದುವ ನಮ್ಮ ಅರ್ಧ ಕೆಲಸ ನಿಮ್ಮ ಕೈಯಲ್ಲೇ ಮುಗಿದಿರುತ್ತದೆ. ಹೆಸರು ಬೇಡ ಅಂದಿರಿ, ಹಾಕಿಲ್ಲ. ಧನ್ಯವಾದ ಹೇಳದೆ ಇರಲಾರೆವು.

ಸಕಲೇಶಪುರ, ಅರಕಲಗೂಡಿನಿಂದ ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬರುವವರಿಗೆ ಕರುಳನ್ನು ಅರಳಿಸುವ ಮ್ಯಾನಿಟಾಲ್ ನೀರು ಕುಡಿಸುವುದು ತಾಳ್ಮೆಯ ಕೆಲಸ. ಶೇ. 20ರ ಮ್ಯಾನಿಟಾಲ್ 200 ಮಿ.ಲೀ., ಉಳಿದದ್ದು ನೀರು, ಒಟ್ಟು ಒಂದೂವರೆ ಲೀಟರ್. 45ರಿಂದ 60 ನಿಮಿಷ, ಸ್ವಲ್ಪ ಸ್ವಲ್ಪವಾಗಿ. ಗಟಗಟನೆ ಕುಡಿದರೆ ವಾಂತಿ. ಕಡಿಮೆ ಕುಡಿದರೆ ಕರುಳು ಅರಳುವುದಿಲ್ಲ. ಮುದುಡಿದ ಕರುಳಿನ ಗೋಡೆ ದಪ್ಪಗೆ ಕಂಡು, ಇಲ್ಲದ ಉರಿಯೂತ ಇದೆ ಎನಿಸಿಬಿಡುತ್ತದೆ. ಗೋಡೆ 3 ಮಿ.ಮೀ. ದಾಟಿದೆ ಎಂಬ ಅಳತೆಗೆ ಬೆಲೆ ಬರುವುದು ಕರುಳು ಚೆನ್ನಾಗಿ ಅರಳಿದ್ದಾಗ ಮಾತ್ರ.

ಕರುಳಿನ ಚಲನೆ ನಿಲ್ಲಿಸುವ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ 20 ಮಿ.ಗ್ರಾಂ. ಕೊಡುವ ಮುನ್ನ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಹೃದಯದ ತೊಂದರೆ ಕೇಳುತ್ತೀರಿ. ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಗ್ಯಾಡೋಲಿನಿಯಂಗೆ ಮೊದಲು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿ ನೋಡುತ್ತೀರಿ. ಉಸಿರು ಹಿಡಿಯುವುದನ್ನು ಹೊರಗೇ ಅಭ್ಯಾಸ ಮಾಡಿಸುತ್ತೀರಿ. ಅದಕ್ಕೇ ನಿಮ್ಮ ಚಿತ್ರಗಳಲ್ಲಿ ಗೋಡೆಯ ಊತ, ಹುಣ್ಣು, ಫಿಸ್ಟುಲಾ (ಕರುಳಿನಿಂದ ಬೇರೆಡೆಗೆ ಆಗುವ ಅಸಹಜ ದಾರಿ) ಮಸುಕಾಗುವುದಿಲ್ಲ. ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷೆ ಬೇಕಾಗುವ ಎಳೆಯರಿಗೆ ಸಿಟಿ ಸ್ಕ್ಯಾನ್‌ನ ವಿಕಿರಣ ತಪ್ಪುವುದು ಸಣ್ಣ ಮಾತಲ್ಲ.

ಆಮೇಲೆ ಭೇದಿಯಾಗುತ್ತದೆ, ಕಣ್ಣು ಮಂಜಾಗಬಹುದು, ಗಾಡಿ ಓಡಿಸಬೇಡಿ ಎಂದು ತಿಳಿಸಿ, ಶೌಚಾಲಯದ ಪಕ್ಕದಲ್ಲೇ ಕೂರಿಸುತ್ತೀರಲ್ಲ, ಅದನ್ನು ಯಾವ ವರದಿಯಲ್ಲೂ ಬರೆಯಲು ಜಾಗವಿಲ್ಲ. ಇಲ್ಲಿ ಬರೆದಿದ್ದೇವೆ.