ಸೋಮವಾರದ ಆಪರೇಷನ್‌ಗೆ ಮುಂಚೆ

ಮಗಳೇ,

ಸೋಮವಾರ ಆಪರೇಷನ್ ಅಂತ ನೀನು ಹೇಳಲಿಲ್ಲ, ಅಳಿಯಂದಿರು ಹೇಳಿದರು. ಅಪ್ಪನಿಗೆ ಬಿಪಿ ಏರುತ್ತದೆ ಅಂತ ಮುಚ್ಚಿಟ್ಟೆಯಂತೆ. ಏರಿದ್ದು ನಿಜ. ಅದಕ್ಕೇ ಫೋನಿನಲ್ಲಿ ಜೋರು ಮಾಡಿದೆ, ಬೇಜಾರು ಮಾಡ್ಕೋಬೇಡ.

ಪಿತ್ತಕೋಶದ ಕಲ್ಲಿಗೆ ಈಗ ಸಣ್ಣ ತೂತು ಹಾಕಿ ಆಪರೇಷನ್ ಮಾಡುತ್ತಾರೆ. ಆ ಚಿಂತೆ ನನಗಿಲ್ಲ. ನನ್ನ ಚಿಂತೆ ಪೆನ್ಸಿಲಿನ್‌ನದು.

ನೀನಾಗ ಎರಡನೇ ಕ್ಲಾಸು. ಗಂಟಲು ನೋವಿಗೆ ಪೆನ್ಸಿಲಿನ್ ಸೂಜಿ ಮಾಡಿಸಿಕೊಂಡು ಚಿತ್ತಾಪುರದ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನಿನ್ನ ತುಟಿ ಊದಿತು. ಮೈತುಂಬ ದದ್ದು. ಉಸಿರು ಸುಂಯ್ ಅನ್ನುತ್ತಿತ್ತು. ಹೊತ್ತುಕೊಂಡು ವಾಪಸ್ ಓಡಿದೆ. ಡಾಕ್ಟರ್ ಇನ್ನೊಂದು ಸೂಜಿ ಕೊಟ್ಟು, ನಾಡಿ ಹಿಡಿದು ಕೂತರು. ನೀನು ಕಣ್ಣು ಬಿಟ್ಟು "ಬಸ್ ಹೋಯ್ತಾ ಅಪ್ಪ?" ಅಂದಾಗ ನನಗೆ ಜೀವ ಬಂತು.

ಪೆನ್ಸಿಲಿನ್ ನಿನಗೆ ಆಗಿಬರುವುದಿಲ್ಲ ಅಂತ ಅವರು ಬರೆದುಕೊಟ್ಟ ಚೀಟಿ ಮಾಸಿದೆ. ತಮ್ಮನ ಕೈಲಿ ಕಳಿಸುತ್ತಿದ್ದೇನೆ, ಕೇಸ್ ಪೇಪರಿಗೆ ಪಿನ್ ಮಾಡಿಸು. ಸರ್ಜನ್ ಕೇಳುತ್ತಾರೆ, ಅರಿವಳಿಕೆ ಡಾಕ್ಟರ್ ಕೇಳುತ್ತಾರೆ, ನರ್ಸ್ ಮತ್ತೆ ಕೇಳುತ್ತಾಳೆ. ಎಲ್ಲರಿಗೂ ಹೇಳು. ಯಾರೂ ಕೇಳದಿದ್ದರೂ ಹೇಳು. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಕೂಡ ಅದೇ ಮನೆತನದವು. ಸೂಜಿ ಕೊಡಲು ಬಂದರೆ ಮೊದಲು ಹೆಸರು ಕೇಳು. ಡಿಸ್ಚಾರ್ಜ್ ಮಾತ್ರೆ ಕೊಳ್ಳುವಾಗ ಅಂಗಡಿಯವನಿಗೂ ಹೇಳು.

ಚಹಾ ಕುಡಿಯದೆ ನಿನಗೆ ಬೆಳಗಾಗುವುದಿಲ್ಲ, ಗೊತ್ತು. ಆದರೆ ಹಾಲಿನ ಚಹಾನೂ ಊಟದ ಲೆಕ್ಕವೇ. ಕಡಿಮೆಯೆಂದರೂ 6 ಗಂಟೆ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಮತ್ತಿನಲ್ಲಿ ಹೊಟ್ಟೆಯದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ನೀರು ಎಷ್ಟು ಹೊತ್ತಿನ ತನಕ ಕುಡಿಯಬಹುದು ಅಂತ ಅವರನ್ನೇ ಕೇಳು.

ಆಮೇಲೆ ಭುಜ ನೋಯಬಹುದು. ಆಪರೇಷನ್‌ಗೆ ಅಂತ ಹೊಟ್ಟೆಯಲ್ಲಿ ತುಂಬುವ ಗ್ಯಾಸಿನಿಂದ ಹಾಗಾಗುತ್ತದೆ, ಎರಡು ಮೂರು ದಿನಕ್ಕೆ ಹೋಗುತ್ತದೆ. ನಿಮ್ಮ ಅತ್ತೆ ಮಲಗಿರು ಅಂತಾರೆ. ಡಾಕ್ಟರ್ ಏಳು ಅಂದ ಕೂಡಲೇ ಎದ್ದು ಓಡಾಡು. ಎಣ್ಣೆಯದ್ದು, ಶೇಂಗಾ ಹಿಂಡಿ ಸ್ವಲ್ಪ ದಿನ ಬೇಡ. ಜ್ವರ ಬಂದರೆ, ಕಣ್ಣು ಹಳದಿಯಾದರೆ, ಹೊಟ್ಟೆನೋವು ಜಾಸ್ತಿಯಾದರೆ ಚೆಕಪ್ ದಿನಕ್ಕೆ ಕಾಯಬೇಡ, ಅವತ್ತೇ ಹೋಗು.

ಭಾಷಣ ಆಯ್ತು ಅಲ್ವಾ? ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ಕುರ್ಚಿ ಬಿಟ್ಟು ಏಳದವಳು ನೀನು. ಓಣಿಯಲ್ಲಿ ಎಲ್ಲರಿಗೂ ಅದನ್ನೇ ಹೇಳಿಕೊಂಡು ತಿರುಗುತ್ತೇನೆ. ಹಾಗಿದ್ದರೆ ಇದನ್ನೂ ತಾಳೆ ನೋಡು: ತೆಗೆದ ಪಿತ್ತಕೋಶವನ್ನು ಲ್ಯಾಬಿಗೆ ಕಳಿಸುತ್ತಾರೆ. ರಿಪೋರ್ಟ್ ಬರುವಷ್ಟರಲ್ಲಿ ಜನ ಮನೆ ಸೇರಿರುತ್ತಾರೆ, ತರುವುದನ್ನು ಮರೆತುಬಿಡುತ್ತಾರೆ. ಅಪರೂಪಕ್ಕೆ ಅದರಲ್ಲೇ ಕ್ಯಾನ್ಸರ್ ಗೊತ್ತಾಗುವುದುಂಟು. ಹೆದರಿಸಲು ಹೇಳುತ್ತಿಲ್ಲ. ತಂದು ಡಾಕ್ಟರಿಗೆ ತೋರಿಸು, ಅಷ್ಟೇ.

ತೊಗರಿ ರಾಶಿಯನ್ನು ತಮ್ಮ ನೋಡಿಕೊಳ್ಳುತ್ತಾನೆ. ನೀನು ಬೇಡ ಅಂದರೂ ಭಾನುವಾರ ಸಂಜೆ ಕಲಬುರಗಿಗೆ ಬರುತ್ತೇನೆ. ಯಾವ ವಾರ್ಡು ಅಂತ ತಿಳಿಸು.

ನಿನ್ನ ಅಪ್ಪ